ಮನೆ ಮಾತು: ಇಂಜಿನಿಯರ್ ವರದಿ ಕೆಟ್ಟದಾಗಿ ಬಂದಿದೆ, ಮನೆ ಕೊಳ್ಳೋದಾ ಬಿಡೋದಾ?

ಈ ತಿಂಗಳು ಬಂದ ಪತ್ರಗಳಲ್ಲಿ ಮೂರಕ್ಕೆ ಒಂದೇ ಸಂಕಟ. ಮನೆ ಇಷ್ಟವಾಗಿದೆ, ಬೆಲೆಯ ಮಾತೂ ಮುಗಿದಿದೆ. ಆಮೇಲೆ ಇಂಜಿನಿಯರ್ ಬಂದು ನೋಡಿ ಬರೆದುಕೊಟ್ಟ ವರದಿ ಓದಿ ಎದೆ ಧಸಕ್ ಅಂದಿದೆ. ಮೂರನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ. ಮೈಸೂರಿನ ಪತ್ರಕ್ಕೆ ಜಾಸ್ತಿ ಜಾಗ ಹೋಗಿದೆ. ಹಳೆಯ ಮನೆ ಕೊಳ್ಳುವ ಯಾರಿಗಾದರೂ ಬೇಕಾದ ವಿಷಯ ಅದರಲ್ಲಿದೆ.

ಪ್ರಶ್ನೆ: ಮೇಡಂ, ನಾವು ಮೈಸೂರಿನ ಕುವೆಂಪುನಗರದಲ್ಲಿ 30×40 ನಿವೇಶನದ ಮನೆ ನೋಡಿದ್ದೇವೆ. 1987ರಲ್ಲಿ ಕಟ್ಟಿದ್ದು. ಕೆಳಗೆ 8 ಚದರ, ಮೇಲೆ 4 ಚದರ. 98 ಲಕ್ಷಕ್ಕೆ ಮಾತಾಗಿದೆ. ಆ ರಸ್ತೆಯಲ್ಲಿ ಖಾಲಿ ಸೈಟಿಗೇ 80 ಲಕ್ಷ ಹೇಳುತ್ತಾರೆ. 5 ಲಕ್ಷ ಮುಂಗಡ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡಾಗಿದೆ, ರಿಜಿಸ್ಟ್ರೇಷನ್‌ಗೆ ಇನ್ನು ಏಳು ವಾರ ಇದೆ. ಅಗ್ರಿಮೆಂಟ್ ಆದ ಮೇಲೆ ಇಂಜಿನಿಯರನ್ನು ಕರೆಸಿದೆವು. 14 ಪುಟ ಬರೆದುಕೊಟ್ಟಿದ್ದಾರೆ. ಮಹಡಿಯ ಬಚ್ಚಲಿನ ಕೆಳಗೆ, ಅಡುಗೆಮನೆಯ ಚಾವಣಿಯಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದೆ. ಹಿಂದಿನ ಕೋಣೆಯ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಹಿಂಭಾಗದ ಗೋಡೆ ಎರಡಡಿ ಎತ್ತರದವರೆಗೆ ತೇವ. ಚಜ್ಜಾ ಒಡೆದಿದೆ, ವೈರಿಂಗ್ ಹಳೆಯದು. ಸುತ್ತಿಗೆಯಂಥ ಉಪಕರಣದಲ್ಲಿ ಪರೀಕ್ಷೆ ಮಾಡಿ ಚಾವಣಿಯ ಬಲ 14ರಿಂದ 18 ಬಂತು, ಕಡಿಮೆ ಎಂದಿದ್ದಾರೆ. ಕೊನೆಯಲ್ಲಿ ‘ಕಟ್ಟಡದ ಸ್ಥಿತಿ ಕಳಪೆ, ದೊಡ್ಡ ರಿಪೇರಿ ಬೇಕು, ಅಂದಾಜು 9 ಲಕ್ಷ’ ಎಂದು ಬರೆದಿದ್ದಾರೆ. ಮಾವನವರು ‘ಮುಂಗಡ ಹೋದರೂ ಹೋಗಲಿ, ಬಿಟ್ಟುಬಿಡಿ’ ಎನ್ನುತ್ತಾರೆ. ನಮ್ಮ ಮನೆಯವರು ‘ಸಿಮೆಂಟ್ ಹಾಕಿ ಸರಿ ಮಾಡಿದರಾಯ್ತು’ ಎನ್ನುತ್ತಾರೆ. ಬ್ರೋಕರ್ ‘ಹಳೆ ಮನೆ ಎಲ್ಲ ಹೀಗೇ’ ಎನ್ನುತ್ತಾರೆ. ಮಗಳ ಶಾಲೆಗೆ ನಡೆದು ಹೋಗಬಹುದು. ಅಂಗಳದಲ್ಲಿ ಸಂಪಿಗೆ ಮರ ಇದೆ. ನನಗೆ ಆ ಮನೆ ಬಿಡಲು ಮನಸ್ಸಿಲ್ಲ. ಏನು ಮಾಡಲಿ?
— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರ, ಜೊತೆಗೆ ಕಳಿಸಿದ ವರದಿ, ಎರಡನ್ನೂ ಎರಡು ಸಲ ಓದಿದೆ. ವರದಿ ಬರೆದವರು ಪ್ರಾಮಾಣಿಕರು. ಕಂಡದ್ದನ್ನೆಲ್ಲ ಬರೆದಿದ್ದಾರೆ. ಆದರೆ ಒಡೆದ ಚಜ್ಜಾ, ಹಳೆಯ ಸ್ವಿಚ್ಚು, ತುಕ್ಕು ಹಿಡಿದ ಕಂಬಿ, ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ನಿಮಗೆ ಭಯ ಆಗಿರುವುದು ಅದರಿಂದ. ಈ 14 ಪುಟದಲ್ಲಿ ನಿಮ್ಮ ನಿರ್ಧಾರಕ್ಕೆ ನಿಜವಾಗಿ ಬೇಕಾದ್ದು ಎರಡೇ ವಿಷಯ: ಚಾವಣಿಯ ಕಂಬಿ ಮತ್ತು ಹಿಂದಿನ ಕೋಣೆಯ ಬಿರುಕು. ಮಿಕ್ಕಿದ್ದೆಲ್ಲ ದುಡ್ಡು ಹಾಕಿದರೆ ಮುಗಿಯುವ ಕೆಲಸ.

ನಮ್ಮಪ್ಪ ಗಾರೆ ಕೆಲಸದ ಮೇಸ್ತ್ರಿ. ಯಾರ ಮನೆಯಲ್ಲಿ ಏನು ಕೆಟ್ಟಿದೆ ಎಂದು ಕರೆದರೂ ಮೊದಲು ಮನೆಯನ್ನು ಒಂದು ಸುತ್ತು ಹಾಕಿ, ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ನೋಡುತ್ತಿದ್ದರು. ಆಮೇಲೆ ಒಳಗೆ ಕಾಲಿಡುತ್ತಿದ್ದರು. ಇಪ್ಪತ್ತೆಂಟು ವರ್ಷದಿಂದ ನಾನೂ ಅದನ್ನೇ ಮಾಡುತ್ತಿದ್ದೇನೆ. ನಿಮ್ಮ ವರದಿಯಲ್ಲಿ ಕೆಟ್ಟದ್ದೆಲ್ಲ ಎಲ್ಲಿದೆ ನೋಡಿ. ಬಚ್ಚಲ ಕೆಳಗೆ, ಹಿಂಭಾಗದಲ್ಲಿ, ಹೊರಗಿನ ಚಜ್ಜಾದಲ್ಲಿ. ಹಾಲ್ ಬಗ್ಗೆ, ಮುಂದಿನ ಕೋಣೆಯ ಬಗ್ಗೆ ಒಂದು ಸಾಲೂ ಇಲ್ಲ. ಇದು ನನಗೆ ಆಶೆ ಹುಟ್ಟಿಸಿದ ವಿಷಯ. ಆದರೆ ಅಲ್ಲಿ ಚೆನ್ನಾಗಿದೆ ಎಂದೂ ಅವರು ಬರೆದಿಲ್ಲ. ಅದನ್ನೇ ಈಗ ತಿಳಿದುಕೊಳ್ಳಬೇಕು.

ಮೊದಲು ಆ 14ರಿಂದ 18 ಎಂಬ ಅಂಕಿ. ಅದಕ್ಕೆ ಹೆದರಬೇಡಿ. ಕಾಂಕ್ರೀಟ್ ಕಟ್ಟಡಗಳಿಗೆ ಐಎಸ್ 456 ಎಂಬ ಭಾರತೀಯ ಮಾನಕ, ಅಂದರೆ ಕೋಡ್ ಇದೆ. ಅದರ ಒಂದು ಆವೃತ್ತಿ 2000ದಲ್ಲಿ ಬಂದದ್ದು. ಅದರ ಪ್ರಕಾರ ಆರ್‌ಸಿಸಿಗೆ ಕಡಿಮೆ ಅಂದರೂ ಎಂ20, ಅಂದರೆ ಬಲ 20ರ ಕಾಂಕ್ರೀಟ್ ಬೇಕು. ನಿಮ್ಮ ಮನೆ ಕಟ್ಟುವಾಗ ಇದ್ದದ್ದು 1978ರ ಕೋಡ್. ಆಗ ಎಂ15 ನಡೆಯುತ್ತಿತ್ತು. ಅಂದರೆ ಆ ಕಾಲಕ್ಕೆ ಎಷ್ಟು ಬಲ ಬೇಕಿತ್ತೋ ಹೆಚ್ಚುಕಡಿಮೆ ಅಷ್ಟೇ ಇದೆ. ಇನ್ನೊಂದು, ಸುತ್ತಿಗೆಯಂಥ ಆ ಉಪಕರಣ, ರಿಬೌಂಡ್ ಹ್ಯಾಮರ್, ನೋಡುವುದು ಮೇಲ್ಮೈ ಎಷ್ಟು ಗಟ್ಟಿ ಅಂತ ಮಾತ್ರ. ಒದ್ದೆ ಕಾಂಕ್ರೀಟಿನಲ್ಲಿ ಕಡಿಮೆ ತೋರಿಸುತ್ತದೆ, ವರ್ಷಗಟ್ಟಲೆ ಗಾಳಿ ಕುಡಿದ ಹಳೆಯ ಕಾಂಕ್ರೀಟಿನಲ್ಲಿ ಜಾಸ್ತಿ ತೋರಿಸುತ್ತದೆ. ಶೇ 25ರಷ್ಟು ಆಚೀಚೆ ಆಗಬಹುದು ಎಂದು ಆ ಪರೀಕ್ಷೆಯ ಐಎಸ್ ಕೋಡೇ ಹೇಳಿತ್ತು. ಒಂದು ಮನೆ ಬೇಕೋ ಬೇಡವೋ ಎಂದು ಈ ಅಂಕಿಯ ಮೇಲೆ ತೀರ್ಮಾನಿಸಲು ಆಗುವುದಿಲ್ಲ.

ಕಂಬಿಯ ವಿಷಯ ಹಾಗಲ್ಲ. ಕಾಂಕ್ರೀಟಿನೊಳಗೆ ಕ್ಷಾರ ಇರುತ್ತದೆ. ಅದು ಇರುವವರೆಗೆ ಕಂಬಿಗೆ ತುಕ್ಕು ಹತ್ತುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷದಿಂದ ವರ್ಷಕ್ಕೆ ಒಳಗೆ ಇಳಿಯುತ್ತಾ ಆ ಕ್ಷಾರವನ್ನು ತಿಂದುಹಾಕುತ್ತದೆ. ಅದು ಕಂಬಿಯವರೆಗೆ ಬಂದು, ಜೊತೆಗೆ ತೇವವೂ ಸೇರಿದರೆ ತುಕ್ಕು ಶುರು. ತುಕ್ಕು ಕಂಬಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಕೆಳಗಿನ ಕಾಂಕ್ರೀಟನ್ನು ತಳ್ಳಿ ಉದುರಿಸುತ್ತದೆ. ಆಗಿನ ಕೋಡಿನಲ್ಲಿ ಚಾವಣಿಯ ಕಂಬಿಯ ಕೆಳಗೆ 15 ಮಿ.ಮೀ. ಕಾಂಕ್ರೀಟ್ ಇದ್ದರೆ ಸಾಕಿತ್ತು. ಎಷ್ಟೋ ಮನೆಗಳಲ್ಲಿ ಅಷ್ಟೂ ಇರುವುದಿಲ್ಲ. ಆ ಕಾಲದಲ್ಲಿ ಹೆಚ್ಚಾಗಿ ಹಾಕುತ್ತಿದ್ದದ್ದು ಟಾರ್ ಕಂಬಿ, ತಣ್ಣಗಿರುವಾಗಲೇ ತಿರುಚಿದ್ದು. ಅದಕ್ಕೆ ತುಕ್ಕು ಬೇಗ ಹತ್ತುತ್ತದೆ.

ಹಾಗಾಗಿ ಅದೇ ಇಂಜಿನಿಯರನ್ನು ಇನ್ನೊಂದು ಸಲ ಕರೆಸಿ. ಒಂದು ದಿನದ ಕೆಲಸ. ಮಾರುವವರ ಒಪ್ಪಿಗೆ ಬೇಕು, ಯಾಕೆಂದರೆ ಚಾವಣಿಯನ್ನು ಸ್ವಲ್ಪ ಒಡೆಯಬೇಕಾಗುತ್ತದೆ. ಅಂಗೈಯಗಲ ನಾಲ್ಕು ಕಡೆ: ಹಾಲಿನಲ್ಲಿ ಎರಡು, ಮುಂದಿನ ಕೋಣೆಯಲ್ಲಿ ಒಂದು, ಮಹಡಿಯ ಕೋಣೆಯಲ್ಲಿ ಒಂದು. ನಾವೇ ಮುಚ್ಚಿಕೊಡುತ್ತೇವೆ ಎಂದು ಹೇಳಿ. ಒಡೆಯುವುದಕ್ಕೆ ಮೊದಲು ಸಣ್ಣ ಸುತ್ತಿಗೆಯಲ್ಲಿ ಚಾವಣಿಯನ್ನು ಪೂರ್ತಿ ತಟ್ಟಿಸಿ. ತೆಂಗಿನಕಾಯಿ ತಟ್ಟಿ ನೋಡುತ್ತೇವಲ್ಲ, ಹಾಗೆ. ಗಟ್ಟಿ ಇದ್ದ ಕಡೆ ‘ಟಣ್’ ಎನ್ನುತ್ತದೆ. ಒಳಗೆ ಬಿಟ್ಟುಕೊಂಡ ಕಡೆ ‘ಡಬ್’ ಎನ್ನುತ್ತದೆ, ಕಿವಿಗೇ ಗೊತ್ತಾಗುತ್ತದೆ. ‘ಡಬ್’ ಎಂದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಕೆಲಸ ಮುಗಿದ ಮೇಲೆ ಕೋಣೆಯ ನಡುವೆ ನಿಂತು ಒಂದು ಸಲ ತಲೆ ಎತ್ತಿ ನೋಡಿ. ವರದಿಯ ಪುಟಗಳಿಗಿಂತ ಆ ಸೀಮೆಸುಣ್ಣದ ಗುರುತುಗಳಿಂದ ನಿಮಗೆ ಜಾಸ್ತಿ ತಿಳಿಯುತ್ತದೆ.

ಒಡೆದ ಕೂಡಲೇ ಆ ತಾಜಾ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಚಿಮುಕಿಸಬೇಕು. ಹೈಸ್ಕೂಲ್ ಲ್ಯಾಬಿನಲ್ಲಿ ನೋಡಿದ್ದೀರಿ, ಅದೇ. ಕ್ಷಾರ ಉಳಿದಿದ್ದರೆ ಕಾಂಕ್ರೀಟ್ ಗಾಢ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕ್ಷಾರ ಹೋಗಿದ್ದರೆ ಬೂದಿ ಬಣ್ಣ ಹಾಗೇ ಇರುತ್ತದೆ. ಗುಲಾಬಿ ಕಂಬಿಯ ಕೆಳಗೇ ಶುರುವಾದರೆ ಒಳ್ಳೆಯದು. ಕಂಬಿ ದಾಟಿ ಮೇಲೆ ಹೋದ ಮೇಲೆ ಗುಲಾಬಿ ಕಂಡರೆ ಆ ಕಂಬಿಗೆ ರಕ್ಷಣೆ ಇಲ್ಲ ಎಂದರ್ಥ. ಆದರೂ ಅಲ್ಲಿ ತೇವ ಇಲ್ಲದಿದ್ದರೆ, ಕಂಬಿಯ ಗೆರೆಗಳು ಚೂಪಾಗಿ ಕಾಣುತ್ತಿದ್ದರೆ, ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ನೀರು ತಾಗದಂತೆ ನೋಡಿಕೊಂಡರೆ ಸಾಕು.

ಅಡುಗೆಮನೆಯಲ್ಲಿ ಈಗಾಗಲೇ ಹೊರಗೆ ಕಾಣುವ ಕಂಬಿಯ ಮೇಲಿನ ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆದು, ವರ್ನಿಯರ್ ಅಳತೆಗೋಲು ಹಿಡಿದು ದಪ್ಪ ಅಳೆಯಲು ಹೇಳಿ. ಹೋದ ವರ್ಷ ಹೀಗೇ ಒಂದು ಮನೆಯಲ್ಲಿ ತುಕ್ಕು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಕೈಗೆ ಬಂತು. 10 ಮಿ.ಮೀ. ಕಂಬಿ 8.2ಕ್ಕೆ ಇಳಿದಿತ್ತು. ‘ಎರಡು ಮಿ.ಮೀ. ಅಷ್ಟೇ ಅಲ್ವಾ’ ಎಂದರು ಮನೆಯವರು. ದಪ್ಪದಲ್ಲಿ ಹೋದದ್ದು ಅಷ್ಟೇ. ಆದರೆ ಭಾರ ಹೊರುವುದು ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣ. ಅದರ ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲು ಹೋಗಿಯಾಗಿತ್ತು. ಅಂಥ ಚಾವಣಿಗೆ ಸಿಮೆಂಟ್ ಮೆತ್ತುವುದು ಅಪಾಯ. ನಿಮ್ಮ ಯಜಮಾನರಿಗೆ ದಯವಿಟ್ಟು ಇದನ್ನು ಓದಿ ಹೇಳಿ. ಮೆತ್ತಿದ ಸಿಮೆಂಟಿನ ಹಿಂದೆ ತುಕ್ಕು ನಿಲ್ಲುವುದಿಲ್ಲ. ಎರಡು ಮೂರು ಮಳೆಗಾಲ ಕಳೆದ ಮೇಲೆ ಅದು ಒಟ್ಟಿಗೇ ಹಪ್ಪಳೆಯಾಗಿ ಬೀಳುತ್ತದೆ. ಕೆಳಗೆ ಒಲೆಯ ಮುಂದೆ ಯಾರು ನಿಂತಿರುತ್ತಾರೆ ಯೋಚಿಸಿ.

ನನ್ನ ಅಕ್ಕನ ಮನೆಯಲ್ಲಿ ಹಾಗೇ ಆಯಿತು. 2004ರಲ್ಲಿ ಮಂಡ್ಯದಲ್ಲಿ ಮನೆ ಕೊಂಡರು. ನಡುಮನೆಯ ಚಾವಣಿಗೆ ಮಾತ್ರ ಹೊಸ ಬಣ್ಣ ಹೊಡೆದಿತ್ತು, ಬೇರೆ ಕೋಣೆಗೆಲ್ಲ ಹಳೆಯದೇ. ಯಾಕೆ ಎಂದು ಯಾರೂ ಕೇಳಲಿಲ್ಲ. ಎರಡನೇ ಮಳೆಗಾಲದಲ್ಲಿ ರಾತ್ರಿ ಹೊತ್ತು ಒಂದು ಹಲಗೆಯಷ್ಟು ಗಾರೆ ಕೆಳಗೆ ಬಿತ್ತು. ಮಗು ಪಕ್ಕದ ಕೋಣೆಯಲ್ಲಿ ಮಲಗಿತ್ತು. ಆವತ್ತಿನಿಂದ ಯಾವ ಮನೆಗೆ ಹೋದರೂ ಒಂದೇ ಕೋಣೆಗೆ ಹೊಸ ಬಣ್ಣ ಇದ್ದರೆ ಮೊದಲು ಸುತ್ತಿಗೆ ತಟ್ಟುವುದು ಅಲ್ಲಿಗೇ.

ಈಗ ಹಿಂದಿನ ಕೋಣೆಯ ಬಿರುಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು ಸಾಮಾನ್ಯವಾಗಿ ಆ ಮೂಲೆಯ ಪಾಯ ಸ್ವಲ್ಪ ಕುಸಿದದ್ದನ್ನು ಹೇಳುತ್ತದೆ. ಯಾಕೆ ಕುಸಿಯಿತು? ವರದಿಯ ಫೋಟೋದಲ್ಲಿ ಅದೇ ಮೂಲೆಗೆ ಮೂರಡಿ ದೂರದಲ್ಲಿ ಒಳಚರಂಡಿಯ ಚೇಂಬರ್ ಇದೆ, ಅದರ ಮುಚ್ಚಳದ ಸುತ್ತ ಹುಲ್ಲು ಹಸಿರಾಗಿ ಬೆಳೆದಿದೆ. ಬೇಸಿಗೆಯಲ್ಲಿ ತೆಗೆದ ಫೋಟೋ ಅದು. ನನಗೆ ಅಲ್ಲೇ ಅನುಮಾನ. ಆ ಕಾಲದ ಸ್ಟೋನ್‌ವೇರ್ ಪೈಪಿನ ಜೋಡಣೆ ಬಿಟ್ಟುಕೊಂಡರೆ ನೀರು ಪಾಯದ ಕೆಳಗಿನ ಮಣ್ಣನ್ನು ಮೆಲ್ಲಗೆ ಕೊಚ್ಚುತ್ತಾ ಹೋಗುತ್ತದೆ. ಪರೀಕ್ಷೆ ಸುಲಭ. ಹೊರಗೆ ಹೋಗುವ ಬಾಯಿಗೆ ಗೋಣಿ ತುರುಕಿ ಮುಚ್ಚಿ, ಚೇಂಬರಿಗೆ ನೀರು ತುಂಬಿ, ಮಟ್ಟಕ್ಕೆ ಗುರುತು ಹಾಕಿ. ಎರಡು ಗಂಟೆ ಯಾರೂ ಬಚ್ಚಲು ಬಳಸಬಾರದು. ನೀರು ಇಳಿದರೆ ಕಾರಣ ಸಿಕ್ಕಿತು. ಪೈಪ್ ಬದಲಾಯಿಸಿ, ಆ ಮೂಲೆಯ ಪಾಯಕ್ಕೆ ಆಸರೆ ಕೊಟ್ಟರೆ ಬಿರುಕು ಅಲ್ಲಿಗೇ ನಿಲ್ಲುತ್ತದೆ. ನೀರು ಇಳಿಯದಿದ್ದರೆ ಇಂಜಿನಿಯರ್ ಹತ್ತಿರ ಮೂಲೆಯಲ್ಲಿ ಗುಂಡಿ ತೆಗೆಸಿ ಪಾಯ ನೋಡಲು ಹೇಳಿ. ಕಾರಣ ತಿಳಿಯದ ಬಿರುಕು ಇಟ್ಟುಕೊಂಡು ರಿಜಿಸ್ಟ್ರೇಷನ್‌ಗೆ ಹೋಗಬೇಡಿ.

ಗೋಡೆಯ ತೇವಕ್ಕೂ ಇದೇ ಚೇಂಬರ್ ಕಾರಣವಿರಬಹುದು. ಹಿಂದಿನ ಅಂಗಳ ಮಣ್ಣು ತುಂಬಿ ತುಂಬಿ ಒಳಗಿನ ನೆಲದಷ್ಟೇ ಎತ್ತರಕ್ಕೆ ಬಂದಿದೆಯಾ ನೋಡಿ. ಮಣ್ಣು ತೆಗೆಸಿದರೆ ಅರ್ಧ ತೇವ ಹೋಗುತ್ತದೆ. ವೈರಿಂಗ್, ಚಜ್ಜಾ ಹೇಗೂ ಮಾಡಿಸಲೇಬೇಕು. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ದುಡ್ಡು. ಸೈಟಿಗೇ 80 ಲಕ್ಷ ಎಂದರೆ ಕಟ್ಟಡಕ್ಕೆ ನೀವು ಕೊಡುತ್ತಿರುವುದು 18 ಲಕ್ಷ. ಹಾಲ್ ಮತ್ತು ಕೋಣೆಗಳ ಕಂಬಿ ಚೆನ್ನಾಗಿದ್ದರೆ ಕೆಟ್ಟಿರುವುದು ಬಚ್ಚಲ ಕೆಳಗಿನ ಒಂದು ತುಂಡು ಚಾವಣಿ. ಅದನ್ನು ಒಡೆದು ಹೊಸದಾಗಿ ಹಾಕಬಹುದು. ಇಟ್ಟಿಗೆ ಗೋಡೆಯ ಮೇಲೆ ಕೂತ ಚಾವಣಿ, ಅಡ್ಡಿಯಿಲ್ಲ. ಅವರು ಬರೆದ 9 ಲಕ್ಷವನ್ನು ನೀವು 12 ಎಂದು ಇಟ್ಟುಕೊಳ್ಳಿ, ಹಳೆಯ ಮನೆಯಲ್ಲಿ ಒಂದು ಒಡೆದರೆ ಇನ್ನೊಂದು ಬಾಯಿ ಬಿಡುತ್ತದೆ. ನಾಲ್ಕು ತಿಂಗಳ ಬಾಡಿಗೆಯನ್ನೂ ಸೇರಿಸಿ. ಹಾಗಾದರೆ ಆ ಕಟ್ಟಡ ನಿಮಗೆ 18 ಅಲ್ಲ, 30ರ ಮೇಲೆ ಬೀಳುತ್ತದೆ. ಹೊಸದಾಗಿ ಕಟ್ಟಿದರೂ ಇವತ್ತು ಚದರಕ್ಕೆ ಎರಡು ಲಕ್ಷದ ಮೇಲಾಗುತ್ತದೆ, ನಿಮ್ಮ 12 ಚದರಕ್ಕೆ 25ರಿಂದ 30 ಲಕ್ಷ. ಲೆಕ್ಕ ಎಲ್ಲಿಗೆ ಬಂತು ನೋಡಿ. ಆದ್ದರಿಂದ ಬೆಲೆ ಇಳಿಯಲೇಬೇಕು. ಕಂಬಿ ಚೆನ್ನಾಗಿದ್ದರೆ 88ರ ಹತ್ತಿರ ನಾನು ತಗೊಳ್ಳುತ್ತೇನೆ. ಎಲ್ಲ ಕೋಣೆಯಲ್ಲೂ ‘ಡಬ್’ ಎಂದರೆ ಅದನ್ನು ಮನೆ ಎಂದು ಕೊಳ್ಳಬೇಡಿ. ಸೈಟಿನ ಬೆಲೆ ಮಾತ್ರ ಕೊಡಿ, ಅದರಲ್ಲೂ ಕೆಡವುವ ಖರ್ಚು ಕಳೆದು. ಅಷ್ಟಕ್ಕೆ ಒಪ್ಪದಿದ್ದರೆ ಬಿಟ್ಟುಬಿಡಿ.

‘ಬ್ಯಾಂಕಿನ ಇಂಜಿನಿಯರ್ ಬಂದು ನೋಡಿ ಹೋಗಿದ್ದಾರಲ್ಲ’ ಎಂದು ಬ್ರೋಕರ್ ಹೇಳಬಹುದು. ಅವರು ಬರುವುದು ಸಾಲಕ್ಕೆ ಆಸ್ತಿ ಸಾಕಾ ಎಂದು ಬೆಲೆ ಕಟ್ಟಲು. ನಿಮ್ಮ ಅಡುಗೆಮನೆಯ ಕಂಬಿ ಅಳೆಯುವುದು ಅವರ ಕೆಲಸ ಅಲ್ಲ.

ಮಾರುವವರ ಹತ್ತಿರ ಮಾತಾಡುವಾಗ ಬ್ರೋಕರನ್ನು ನಡುವೆ ಬಿಡಬೇಡಿ. ವರದಿಯ ಒಂದು ಪ್ರತಿ ಕೊಡಿ. ‘ನಿಮ್ಮ ಮನೆ ಹಾಳು’ ಎನ್ನಬೇಡಿ. ನಲವತ್ತು ವರ್ಷ ಬಾಳಿದ ಮನೆ ಅದು, ಅವರಿಗೆ ನೋವಾಗುತ್ತದೆ. ‘ಇಷ್ಟು ಕೆಲಸ ಇದೆ, ಇಷ್ಟು ಖರ್ಚಿದೆ, ನಮಗೆ ಈ ಮನೆಯೇ ಬೇಕು, ಇಷ್ಟಕ್ಕೆ ಆಗುತ್ತದಾ’ ಎಂದು ಕೇಳಿ. ರಿಪೇರಿ ನಾವೇ ಮಾಡಿಸಿಕೊಡುತ್ತೇವೆ ಎಂದರೆ ಬೇಡ ಎನ್ನಿ. ಬಿಟ್ಟುಹೋಗುವ ಮನೆಗೆ ಯಾರೂ ಒಳ್ಳೆಯ ಕೆಲಸ ಮಾಡಿಸುವುದಿಲ್ಲ. ಬೆಲೆ ಇಳಿಸಿಕೊಳ್ಳಿ, ಕೆಲಸ ನಿಮ್ಮ ಕಣ್ಣೆದುರಿಗೆ ಆಗಲಿ.

ಮುಂಗಡದ ಬಗ್ಗೆ ವಕೀಲರಿಗೆ ಅಗ್ರಿಮೆಂಟ್ ತೋರಿಸಿ, ಈ ವಾರವೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ತಮಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾರುವವರು ಹೇಳಬೇಕು. ಆದರೆ ಅಡುಗೆಮನೆಯಲ್ಲಿ ಕಂಬಿ ಕಣ್ಣಿಗೇ ಕಾಣುತ್ತಿತ್ತು. ಅದನ್ನು ಮುಚ್ಚಿಟ್ಟರು ಎನ್ನಲು ಕಷ್ಟ. ಅದಕ್ಕೇ ಇಂಜಿನಿಯರನ್ನು ಅಗ್ರಿಮೆಂಟಿಗೆ ಮೊದಲೇ ಕರೆಸಬೇಕು, ಇಲ್ಲವೇ ‘ಕಟ್ಟಡದ ವರದಿ ಸರಿ ಬಂದರೆ ಮಾತ್ರ, ಇಲ್ಲದಿದ್ದರೆ ಮುಂಗಡ ವಾಪಸ್’ ಎಂದು ಬರೆಸಬೇಕು. ಓದುವ ಬೇರೆಯವರು ಇದನ್ನು ನೆನಪಿಟ್ಟುಕೊಳ್ಳಿ. ಪರೀಕ್ಷೆಗೆ ಹೊತ್ತು ಬೇಕಿದ್ದರೆ ಗಡುವನ್ನು ಒಂದು ತಿಂಗಳು ಮುಂದಕ್ಕೆ ಹಾಕಿ, ಇಬ್ಬರೂ ಸಹಿ ಮಾಡಿ.

ಏನೂ ಸರಿಹೋಗದಿದ್ದರೆ ಮಾವನವರ ಮಾತೇ ಸರಿ. 5 ಲಕ್ಷ ಉಳಿಸಲಿಕ್ಕೆ ಹೋಗಿ 98 ಲಕ್ಷ ಸುರಿಯಬೇಡಿ. ಆದರೆ ಆ ಮಾತು ಆಡುವ ಹೊತ್ತು ಇನ್ನೂ ಬಂದಿಲ್ಲ. ಮೊದಲು ಸುತ್ತಿಗೆ ತಟ್ಟಿಸಿ. ಸಂಪಿಗೆ ಮರ ಗೋಡೆಯಿಂದ ಎಷ್ಟು ದೂರ ಇದೆ ಎಂದೂ ಅಳೆದು ಬರೆಯಿರಿ.

ಪ್ರಶ್ನೆ: ಅಕ್ಕಾವ್ರೆ, ಗದಗದಾಗ ಒಂದು ಮನೆ ನೋಡೇವಿ. ಕಟ್ಟಿ ಒಂಬತ್ತು ವರ್ಷ ಆಗೇತಿ. ಎರಿ ನೆಲ. ಮೂರು ಗ್ವಾಡಿಗೆ ಓರೆ ಬಿರುಕು ಅದಾವು. ಬ್ಯಾಸಿಗ್ಯಾಗ ಬೆರಳು ಹೋಗುವಷ್ಟು ಬಿಡತಾವು, ಮಳಿಗಾಲದಾಗ ಕೂಡತಾವು ಅಂತ ಬಾಜೂ ಮನಿಯವರು ಹೇಳಿದ್ರು. ಇಂಜಿನಿಯರ್ ನೋಡಿ ‘ಬುನಾದಿ ನಾಲ್ಕೇ ಅಡಿ ಐತಿ, ಬ್ಯಾಡ’ ಅಂದಾರ. ಮಾಲೀಕರು ಬಿರುಕು ತುಂಬಿಸಿ ಬಣ್ಣಾ ಹಚ್ಚಿ ಕೊಡ್ತೀವಿ ಅಂತಾರ. ರೇಟು ಕಡಿಮಿ ಐತಿ. ತಗೋಬೇಕೋ ಬ್ಯಾಡೋ?
— ಓದುಗರು, ಗದಗ

ಉತ್ತರ: ಬೇಡ ಅಣ್ಣಾ. ನಿಮ್ಮ ಇಂಜಿನಿಯರ್ ಸರಿಯಾಗಿ ಹೇಳಿದ್ದಾರೆ.

ಮೈಸೂರಿನ ಮನೆಗೂ ನಿಮ್ಮದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಒಂದು ಪೈಪ್ ಬದಲಾಯಿಸಿದರೆ ಕಾರಣ ಹೋಗುತ್ತದೆ. ನಿಮ್ಮಲ್ಲಿ ಕಾರಣ ನೆಲವೇ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ಬಿಡುವುದನ್ನು ನೀವೇ ನೋಡಿದ್ದೀರಿ. ಅದೇ ಚಲನೆ ಮನೆಯ ಕೆಳಗೂ ನಡೆಯುತ್ತದೆ. ಈ ಉಬ್ಬು ಕುಗ್ಗು ಸುಮಾರು ಮೂರೂವರೆ ಮೀಟರ್ ಆಳದವರೆಗೆ ಇರುತ್ತದೆ ಎಂದು ಇಟ್ಟುಕೊಂಡೇ ನಮ್ಮಲ್ಲಿ ಪಾಯ ಲೆಕ್ಕ ಹಾಕುವುದು. ಅದಕ್ಕೇ ಕೆಳಗೆ ಗಡಿಗೆಯಂತೆ ಅಗಲವಾಗುವ ಅಂಡರ್ ರೀಮ್ಡ್ ಪೈಲುಗಳನ್ನು, ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬಗಳನ್ನು, ಇಂಥ ನೆಲಕ್ಕೆ ಹಾಕುತ್ತಾರೆ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಅದನ್ನು ಬೆಳೆಸಿತು. ನಾಲ್ಕಡಿಯ ಪಾಯ ಅಂದರೆ ಮನೆ ಆ ಉಸಿರಾಡುವ ಮಣ್ಣಿನ ಮೇಲೇ ಕೂತಿದೆ.

ಬಿರುಕು ತುಂಬಿಸಲು ಮಾತ್ರ ಬಿಡಬೇಡಿ. ಅದು ಈಗ ನಿಮ್ಮ ಕೈಯಲ್ಲಿರುವ ಒಂದೇ ಸಾಕ್ಷಿ. ಮನೆ ಬೇಕೇಬೇಕು ಎಂದಿದ್ದರೆ ಮಾಲೀಕರನ್ನು ಕೇಳಿ, ಪ್ರತಿ ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಾರೆ ಹಾಕಿ ಕೂರಿಸಿ. ಬಿರುಕು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆವರೆಗೆ ನೋಡಬೇಕು, ಒಂದು ಬೇಸಿಗೆ ಒಂದು ಮಳೆ. ಅಷ್ಟು ಕಾಯಲು ಅವರು ಒಪ್ಪದಿದ್ದರೆ ಬಿಡಿ.

ಈಗಾಗಲೇ ಇಂಥ ಮನೆಯಲ್ಲಿ ಇರುವವರು ಇದ್ದಾರೆ, ಅವರಿಗೂ ಒಂದು ಮಾತು. ಗೋಡೆಯ ಸುತ್ತ ಐದಾರಡಿ ಅಗಲಕ್ಕೆ ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಹಾಸಿ. ಮಾಡಿನ ನೀರು, ಬಚ್ಚಲ ನೀರು ಪಾಯದ ಹತ್ತಿರ ಇಂಗಬಾರದು. ಗೋಡೆಗೆ ಹತ್ತಿಕೊಂಡ ಹಾಗೆ ಗಿಡ ಬೆಳೆಸಿ ದಿನಾ ನೀರು ಹಾಕುವುದನ್ನು ಬಿಡಿ. ಮಣ್ಣಿನ ತೇವ ವರ್ಷವಿಡೀ ಒಂದೇ ಸಮ ಇದ್ದಷ್ಟೂ ಗೋಡೆ ಕಡಿಮೆ ಅಲುಗುತ್ತದೆ.

ಪ್ರಶ್ನೆ: ನಾವು ತುಮಕೂರಿನವರು, ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಇಲ್ಲಿ 1898ರ ಒಂದು ಸಾಲುಮನೆಗೆ ಆಫರ್ ಹಾಕಿ ಒಪ್ಪಿಗೆಯಾಗಿದೆ. ಆಮೇಲೆ ಲೆವೆಲ್ 3 ಸರ್ವೆ, ಅಂದರೆ ಮನೆಯ ಅತಿ ವಿವರವಾದ ತಪಾಸಣೆ ಮಾಡಿಸಿದೆವು. 62 ಪುಟ ಬಂದಿದೆ, ಏಳು ಕಡೆ ಕೆಂಪು ಬಣ್ಣದ 3, ಅಂದರೆ ಗಂಭೀರ ಅಥವಾ ತುರ್ತು ಎಂಬ ಗುರುತು. ಗೋಡೆಗಳಲ್ಲಿ ತೇವ, ಚಿಮಣಿ, ಛಾವಣಿಯ ಹೆಂಚು, ಚರಂಡಿ, ಎಲ್ಲದಕ್ಕೂ ‘ಹೆಚ್ಚಿನ ತಪಾಸಣೆ ಬೇಕು’ ಎಂದಿದ್ದಾರೆ. ತೇವಕ್ಕೆ ರಾಸಾಯನಿಕ ಚುಚ್ಚುವ ಒಂದು ಕಂಪನಿಯವರು ಬಿಟ್ಟಿಯಾಗಿ ನೋಡಿಕೊಡುತ್ತೇವೆ ಎಂದಿದ್ದಾರೆ. ಕರೆಯಬಹುದಾ? ಊರಲ್ಲಿ ಅಪ್ಪ ಅಮ್ಮ ‘ಬಿಟ್ಟು ಹೊಸ ಮನೆ ನೋಡಿ’ ಎನ್ನುತ್ತಿದ್ದಾರೆ.
— ಓದುಗರು, ರೆಡಿಂಗ್

ಉತ್ತರ: ನನ್ನ ತಮ್ಮ ಅಲ್ಲಿ ಮನೆ ಕೊಳ್ಳುವಾಗ ಅವನಿಗೂ ಇಂಥದ್ದೇ ವರದಿ ಬಂದಿತ್ತು. ಪೂರ್ತಿ ಓದಿದೆ, ಅದರ ಮರುವರ್ಷ ಹೋದಾಗ ಆ ಗೋಡೆಯನ್ನೂ ನೋಡಿದೆ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ನೂರು ವರ್ಷ ದಾಟಿದ ಮನೆಗೆ ಲೆವೆಲ್ 3 ಮಾಡಿಸಿದರೆ ಕೆಂಪು ಬರದೇ ಇರುವುದು ಅಪರೂಪ. ಸರ್ವೇಯರ್ ಗೋಡೆ ಒಡೆಯುವಂತಿಲ್ಲ, ನೆಲ ಎಬ್ಬಿಸುವಂತಿಲ್ಲ. ಕಾಣದ ಕಡೆಯಲ್ಲೆಲ್ಲ ‘ತಪಾಸಣೆ ಬೇಕು’ ಎಂದು ಬರೆಯಲೇಬೇಕು.

ಬಿಟ್ಟಿ ತಪಾಸಣೆಯವರನ್ನು ಕರೆಯಬೇಡಿ. ಅವರು ಬರುವುದು ರಾಸಾಯನಿಕ ಮಾರಲು. ಆ ಮನೆಗಳ ಗೋಡೆ ಒಂಬತ್ತಿಂಚಿನ ಗಟ್ಟಿ ಇಟ್ಟಿಗೆ, ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಮಳೆಯಲ್ಲಿ ನೆನೆದು ಬಿಸಿಲಿಗೆ ಆರುವುದು ಅದರ ಗುಣ. ಆಮೇಲೆ ಬಂದವರು ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವಕ್ಕೆ ಹೊರಗೆ ಬರಲು ದಾರಿ ಇರುವುದಿಲ್ಲ. ತೇವ ತೋರಿಸುವ ಎರಡು ಮುಳ್ಳಿನ ಮೀಟರ್ ಕೂಡ ಮೂಲದಲ್ಲಿ ಮರಕ್ಕೆ ಮಾಡಿದ್ದು. ಗಾರೆಯಲ್ಲಿ ಉಪ್ಪು ಇದ್ದರೂ ಜಾಸ್ತಿ ತೋರಿಸುತ್ತದೆ. ಮಳೆ ಬರುವ ದಿನ ಕೊಡೆ ಹಿಡಿದುಕೊಂಡು ಆ ಮನೆಯ ಹೊರಗೆ ಅರ್ಧ ಗಂಟೆ ನಿಲ್ಲಿ. ತಮ್ಮನ ಮನೆಯಲ್ಲಿ ಮಾಡಿನ ದೋಣಿಯ ಜೋಡಣೆಯಿಂದ ನೀರು ಗೋಡೆಯ ಮೇಲೇ ಇಳಿಯುತ್ತಿತ್ತು, ಅಷ್ಟುದ್ದ ಪಾಚಿ ಕಟ್ಟಿತ್ತು. ಒಳಗೆ ಸರಿಯಾಗಿ ಆ ಮೂಲೆಗೇ ತೇವ. ದೋಣಿ ಸರಿ ಮಾಡಿಸಿ, ಕೆಳಗೆ ಗೋಡೆಗೆ ಒತ್ತಿದ್ದ ಮಣ್ಣು ತೆಗೆಸಿದ. ಗೋಡೆ ಒಣಗಲು ಒಂದು ವರ್ಷ ಹಿಡಿಯಿತು. ಚುಚ್ಚುವ ಕೆಲಸವೇ ಬರಲಿಲ್ಲ.

ಛಾವಣಿಯ ಬಗ್ಗೆ ಮಾತ್ರ ಎಚ್ಚರ. ಮೊದಲು ಸ್ಲೇಟ್ ಕಲ್ಲಿನ ಹೆಂಚು ಇದ್ದ ಕಡೆ ಭಾರದ ಕಾಂಕ್ರೀಟ್ ಹೆಂಚು ಹಾಕಿದ್ದಾರಾ, ಕೆಳಗಿನ ಮರಕ್ಕೆ ಹೆಚ್ಚಿನ ಆಸರೆ ಕೊಟ್ಟಿದ್ದಾರಾ ಕೇಳಿ. ಕೊಡದಿದ್ದರೆ ಮಾಡು ಮೆಲ್ಲಗೆ ಹರಡಿಕೊಂಡು ಮೇಲಿನ ಗೋಡೆಯನ್ನು ಹೊರಗೆ ತಳ್ಳುತ್ತದೆ. ಚರಂಡಿಯೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿ, ಅದಕ್ಕೆ ಹಾಕಿದ ದುಡ್ಡು ದಂಡವಲ್ಲ.

ನಿಮಗೆ ಒಂದು ಅನುಕೂಲ ಇದೆ, ಮೈಸೂರಿನವರಿಗೆ ಇಲ್ಲದ್ದು. ಇಂಗ್ಲೆಂಡಿನಲ್ಲಿ ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಆಗುವವರೆಗೆ, ಅಂದರೆ ಎರಡೂ ಕಡೆಯವರು ಸಹಿ ಮಾಡಿದ ಕರಾರನ್ನು ಬದಲಾಯಿಸಿಕೊಳ್ಳುವವರೆಗೆ, ಆಫರ್ ಯಾರನ್ನೂ ಕಟ್ಟಿಹಾಕುವುದಿಲ್ಲ. ಸಾಮಾನ್ಯವಾಗಿ ಶೇ 10 ಠೇವಣಿ ಕೊಡುವುದೂ ಆಗಲೇ. ಈಗ ಬಿಟ್ಟರೆ ಹೋಗುವುದು ಸರ್ವೆ ಮತ್ತು ವಕೀಲರ ಖರ್ಚು. ಛಾವಣಿಗೊಂದು, ಚಿಮಣಿಗೊಂದು ಬರವಣಿಗೆಯಲ್ಲಿ ದರ ತರಿಸಿ, ಆ ಕಾಗದ ಇಟ್ಟುಕೊಂಡು ಬೆಲೆ ಇಳಿಸಲು ಕೇಳಿ. ವರದಿಯ 62 ಪುಟ ಕಳಿಸಿದರೆ ಮಾರುವವರೂ ಹೆದರುತ್ತಾರೆ, ಮಾತು ಮುರಿಯುತ್ತದೆ.

ಎಲ್ಲಕ್ಕಿಂತ ಮೊದಲು ಆ ಸರ್ವೇಯರ್‌ಗೆ ಫೋನ್ ಮಾಡಿ. ಮನೆಯನ್ನು ಕಣ್ಣಾರೆ ನೋಡಿದವರು ಅವರೇ. ಈ ಏಳರಲ್ಲಿ ಮೊದಲ ಚಳಿಗಾಲದೊಳಗೆ ಆಗಲೇಬೇಕಾದ್ದು ಯಾವುದು, ಐದು ವರ್ಷ ತಡೆಯುವುದು ಯಾವುದು ಎಂದು ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಅಪ್ಪ ಅಮ್ಮನಿಗೂ ಓದಿ ಹೇಳಿ.